ಲೆಕ್ಕ ಬರೆಯದ ಸೇವೆ

ಭೀಮಾ ತೀರದ ಮಣ್ಣೂರ ಎಂದರೆ ಜನಕ್ಕೆ ಮೊದಲು ನೆನಪಾಗುವುದು ಯಲ್ಲಮ್ಮ. ಸುತ್ತಮುತ್ತ ಗಾಣಗಾಪುರದ ದತ್ತ, ಘತ್ತರಗಿಯ ಭಾಗ್ಯವಂತಿ, ಆಳಂದದ ಲಾಡ್ಲೆ ಮಶಾಕ್, ಕಲಬುರಗಿಯ ಶರಣಬಸಪ್ಪನ ದಾಸೋಹ. ಈ ಸೀಮೆಯಲ್ಲಿ ಕ್ರೈಸ್ತರು ಅಲ್ಲೊಬ್ಬ ಇಲ್ಲೊಬ್ಬ. 2011ರ ಜನಗಣತಿಯ ಪ್ರಕಾರ ಇಡೀ ರಾಜ್ಯದಲ್ಲೇ ಕ್ರೈಸ್ತರಾದ ನಾವು ನೂರಕ್ಕೆ ಇಬ್ಬರೂ ಇಲ್ಲ. ಹೀಗಾಗಿ ಕ್ರೈಸ್ತ ಎಂದೊಡನೆ ಇಲ್ಲಿನವರಿಗೆ ಹೊಳೆಯುವುದು ಎರಡೇ: ಒಂದು ಮಿಷನ್ ದವಾಖಾನೆ, ಇನ್ನೊಂದು ಮತಾಂತರದ ಗಲಾಟೆ. ದವಾಖಾನೆ ಕಟ್ಟುವ ಶಕ್ತಿಯಿಲ್ಲದ, ಯಾರನ್ನೂ ಮತಾಂತರಿಸುವ ಉಮೇದೂ ಇಲ್ಲದ ಸಾದಾ ವಿಶ್ವಾಸಿ ತನ್ನ ನಂಬಿಕೆಗೆ ಎಲ್ಲಿ ಕೈಕಾಲು ಕೊಡಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಚರ್ಚಿನೊಳಗೂ ಕೇಳುವುದು ಕಡಿಮೆ.

ದವಾಖಾನೆಗಳ ದೊಡ್ಡಸ್ತಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಕೆನಡಾದ ಡಾಕ್ಟರ್ ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. ಬ್ಯಾನಿ ಕೈಮೀರಿದರೆ ಮಿರಜಕ್ಕೆ ಒಯ್ಯುವುದು ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ರೂಢಿಯೇ ಆಯಿತು. ಫಾದರ್ ಮುಲ್ಲರ್ ಮಂಗಳೂರಿನ ಕಾಲೇಜೊಂದರಲ್ಲಿ ಪಾಠ ಹೇಳಲು ಬಂದವರು. 1880ರಲ್ಲಿ ಆಲದ ಮರದಡಿ ಬಡವರಿಗೆ ಹೋಮಿಯೋಪತಿ ಗುಳಿಗೆ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ, 1902ರಲ್ಲಿ ಪ್ಲೇಗ್ ಆಸ್ಪತ್ರೆ. ಇಂದು ಕಂಕನಾಡಿಯಲ್ಲಿ ಮೆಡಿಕಲ್ ಕಾಲೇಜೇ ನಿಂತಿದೆ.

ಆದರೆ ಕಟ್ಟಡ ಎತ್ತರವಾದಷ್ಟೂ ಮರದಡಿಯ ಮನುಷ್ಯ ಮರೆಯಾಗುತ್ತಾನೆ. ಕಾಣಿಕೆ ಡಬ್ಬಿಗೆ ಐವತ್ತು ರೂಪಾಯಿ ಹಾಕಿ, ಉಳಿದದ್ದನ್ನು ಸಿಸ್ಟರುಗಳು ನೋಡಿಕೊಳ್ಳುತ್ತಾರೆಂದು ನಾವು ಮನೆಗೆ ಹೋಗುತ್ತೇವೆ. ಸೇವೆಯನ್ನು ಗುತ್ತಿಗೆಗೆ ಕೊಟ್ಟು ಪುಣ್ಯವನ್ನು ನಮ್ಮ ಹೆಸರಿಗೆ ಬರೆಸಿಕೊಳ್ಳುವ ಈ ಏರ್ಪಾಡು ಕ್ರೈಸ್ತರಿಗಷ್ಟೇ ಸೇರಿದ್ದಲ್ಲ ಬಿಡಿ. ಆದರೂ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಆರೈಕೆ ಮಾಡಿದ ಸಮಾರ್ಯದವನ ಬಗ್ಗೆ ಯೇಸು ಹೇಳಿದ ಕಥೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಮಗೆ ಇದು ಶೋಭೆಯಲ್ಲ.

ಆ ಕಥೆಯಲ್ಲಿ ಸಮಾರ್ಯದವನು ಮಾಡಿದ್ದೇನು? ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ತಾನು ಕೂತಿದ್ದ ಪ್ರಾಣಿಯ ಮೇಲೆ ಹೇರಿಕೊಂಡು ಹೋದ, ರಾತ್ರಿ ಆರೈಕೆ ಮಾಡಿ ಬೆಳಿಗ್ಗೆ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟ. ಯಾವ ಬೆಟ್ಟದ ಮೇಲೆ ದೇವರನ್ನು ಪೂಜಿಸಬೇಕೆಂಬುದು ಯೆಹೂದ್ಯರಿಗೂ ಸಮಾರ್ಯದವರಿಗೂ ಹಳೆಯ ಜಗಳ. ಬಿದ್ದವನ ಕಿವಿಯಲ್ಲಿ ಅವನು ಆ ಮಾತೆತ್ತಲಿಲ್ಲ. ಗಾಯಾಳು ಮುಂದೆ ಸಮಾರ್ಯದವನ ಮತಕ್ಕೆ ಸೇರಿದನೋ ಇಲ್ಲವೋ, ಕಥೆಗೆ ಅದು ಬೇಕಾಗಿಯೇ ಇಲ್ಲ. ಮತ್ತಾಯನ ಸುವಾರ್ತೆಯ ಕಡೆಯ ತೀರ್ಪಿನ ಭಾಗದಲ್ಲೂ ಹಾಗೆಯೇ. ಹಸಿದವರಿಗೆ ಉಣಿಸಿದವರು, ನಾವು ನಿನಗೆ ಯಾವಾಗ ಉಣಿಸಿದೆವು ಎಂದು ದೇವರನ್ನೇ ಕೇಳುತ್ತಾರೆ. ಅವರು ಲೆಕ್ಕ ಇಟ್ಟಿರಲೇ ಇಲ್ಲ.

ಗಾಳಕ್ಕೆ ಎರೆ ಸಿಕ್ಕಿಸಿದಂತೆ ಸೇವೆ ಮಾಡುವವನು ನಮ್ಮ ಗ್ರಂಥದ ಅಳತೆಯಲ್ಲೇ ಸೋತವನು. ಇತ್ತ, ಕೊಟ್ಟ ಪ್ರತಿ ತಂಬಿಗೆ ನೀರಿನಲ್ಲೂ ಆಮಿಷ ಹುಡುಕುವುದು ನ್ಯಾಯವಲ್ಲ. ರಾಜ್ಯದ 2022ರ ಮತಾಂತರ ನಿಷೇಧ ಕಾಯ್ದೆ ಧಾರ್ಮಿಕ ಸಂಸ್ಥೆಯ ಶಾಲೆಯ ಉಚಿತ ಶಿಕ್ಷಣವನ್ನೂ ಆಮಿಷದ ವ್ಯಾಖ್ಯೆಯೊಳಗೆ ತಂದಿತ್ತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಆ ಕಾಯ್ದೆಯನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆ ಇರಲಿ, ಹೋಗಲಿ, ಸಂಶಯ ಹೋಗುವುದು ವಾದದಿಂದಲ್ಲ, ಏನನ್ನೂ ಬೇಡದೆ ವರ್ಷಗಟ್ಟಲೆ ಜೊತೆಗಿದ್ದವರ ನಡತೆಯಿಂದ.

ಈ ಜೊತೆಗಿರುವಿಕೆಯನ್ನು ಸಂಸ್ಥೆ ನಮ್ಮ ಪರವಾಗಿ ಮಾಡಲಾರದು. ಕುಷ್ಠವನ್ನೇ ನೋಡಿ. ಔಷಧಿ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ. ಆರು ತಿಂಗಳೋ ಒಂದು ವರ್ಷವೋ ಗುಳಿಗೆ ನುಂಗಿದರೆ ರೋಗಾಣು ಸಾಯುತ್ತದೆ. ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಕುಷ್ಠ ನಿವಾರಣೆಯಾಯಿತೆಂದು ದೇಶ 2005ರ ಕೊನೆಗೆ ಸಾರಿಯೂ ಆಯಿತು. ಆದರೆ ಸತ್ತ ನರ ಮರಳುವುದು ಅಪರೂಪ. ಜೋಮು ಹಿಡಿದ ಪಾದಕ್ಕೆ ಜಾಲಿ ಮುಳ್ಳು ನಟ್ಟರೂ ಗೊತ್ತಾಗದು. ಹೊಲದಿಂದ ಬಂದವನಿಗೆ ರಕ್ತ ಕಂಡಾಗಲೇ ತಿಳಿಯುವುದು. ಅಂಥ ಪಾದವನ್ನು ದಿನಾ ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ನೆನೆಸಬೇಕು. ಬಿಸಿನೀರು ಕೂಡದು, ಸುಟ್ಟರೂ ತಿಳಿಯುವುದಿಲ್ಲ. ದಡ್ಡುಗಟ್ಟಿದ ಚರ್ಮವನ್ನು ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜಿ, ತೇವ ಆರುವ ಮೊದಲೇ ಎಣ್ಣೆ ಸವರಬೇಕು. ಬೆರಳ ಸಂದು, ಹಿಮ್ಮಡಿಗಳಲ್ಲಿ ಗಾಯವಿದೆಯೇ ಎಂದು ಹುಡುಕಬೇಕು. ಕೈಬೆರಳೂ ಮಡಚಿಕೊಂಡು ಕಣ್ಣೂ ಮಂಜಾದ ಮುದುಕನಿಗೆ ಇದನ್ನು ಮಾಡುವವರು ಯಾರು? ಮಗ, ಸೊಸೆ ಪುಣೆಗೆ ಗುಳೆ ಹೋಗಿದ್ದಾರೆ. ಆಶಾ ಕಾರ್ಯಕರ್ತೆ ದಿನಾ ಬರಲಾರಳು. ಪಕ್ಕದ ಮನೆಯವರು ಬರಬಹುದು. ಯೇಸು ಶಿಷ್ಯರ ಕಾಲು ತೊಳೆದನೆಂದು ವರ್ಷಕ್ಕೊಮ್ಮೆ, ಪವಿತ್ರ ಗುರುವಾರದಂದು, ಪಾದ್ರಿಗಳು ಹನ್ನೆರಡು ಜನರ ಪಾದ ತೊಳೆಯುತ್ತಾರಲ್ಲ, ಆ ಪಾದಗಳು ಮೊದಲೇ ತೊಳೆದು ಬಂದಿರುತ್ತವೆ.

ಇನ್ನೊಂದು ಮಾತು ನಮ್ಮ ಮನೆಯೊಳಗಿನದು. ಈ ಭಾಗದ ಕ್ರೈಸ್ತ ಮನೆಗಳು ಬಹಳಷ್ಟು ದಲಿತ ಕೇರಿಗಳಿಂದ ಬಂದವು. ಕ್ರೈಸ್ತನಾದ ದಲಿತನನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟ 1950ರ ರಾಷ್ಟ್ರಪತಿ ಆದೇಶದ ವಿರುದ್ಧ ನಾವು ದನಿ ಎತ್ತುತ್ತೇವೆ, ಎತ್ತಲೇಬೇಕು. ಆದರೆ ಮಗಳಿಗೆ ಗಂಡು ಹುಡುಕುವಾಗ ಚರ್ಚಿನ ಅದೇ ಬೆಂಚಿನಲ್ಲಿ ಕೂತವರ ಹಳೆಯ ಕೇರಿ ಯಾವುದೆಂದು ನಾವೂ ವಿಚಾರಿಸುತ್ತೇವೆ. ಸರ್ಕಾರದ ಮುಂದೆ ಕೇಳುವ ಸಮಾನತೆಯನ್ನು ಬೀಗರ ಮುಂದೆ ಮರೆತರೆ ಆ ಮನವಿಗೆ ಬಲವೆಲ್ಲಿಂದ ಬರಬೇಕು?

ಮತ್ತೆ ಸೇವೆಯ ಮಾತಿಗೆ ಬಂದರೆ, 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನುಗ್ಗಿದಾಗ ಯಾರ ಮನೆಯ ರೊಟ್ಟಿ ಎಂದು ಯಾರೂ ಕೇಳುವಂತಿರಲಿಲ್ಲ. ಪ್ರವಾಹದಲ್ಲಿ ಒದಗುವುದು ಆ ಮಟ್ಟಿಗೆ ಸುಲಭ. ಕಷ್ಟವಿರುವುದು ಪ್ರವಾಹವಿಲ್ಲದ ಮಂಗಳವಾರದಲ್ಲಿ, ತಾಲ್ಲೂಕು ದವಾಖಾನೆಯ ಸರದಿಯಲ್ಲಿ ಇನ್ನೊಬ್ಬರ ಚೀಟಿ ಹಿಡಿದು ಅರ್ಧ ದಿನದ ಕೂಲಿ ಕಳೆದುಕೊಳ್ಳುವುದರಲ್ಲಿ.

ಈ ಸಲ ಕ್ರಿಸ್‌ಮಸ್‌ಗೆ ಗೋದಲಿ ಕಟ್ಟುವ ಮುಂಚೆ, ಗುಳೆ ಹೋದವರ ಮನೆಯಲ್ಲಿ ಉಳಿದ ಮುದುಕಿಗೆ ಪಿಂಚಣಿ ಬಂತೋ ಇಲ್ಲವೋ ಕೇಳಿಕೊಂಡು ಬನ್ನಿ. ಬಂದಿಲ್ಲವೆಂದರೆ ಆಕೆಯ ಜೊತೆ ನಾಡಕಚೇರಿಗೆ ಹೋಗಿ. ಕರಪತ್ರ ಒಯ್ಯಬೇಡಿ, ಮೊಬೈಲಿನಲ್ಲಿ ಫೋಟೋವನ್ನೂ ತೆಗೆಯಬೇಡಿ.