ಸಾಧಕಕ್ಕೊಂದು ಕೋಣೆ ಬೇಕು

ಮಗಳನ್ನು ಸಂಗೀತ ಓದಲು ವಿದೇಶಕ್ಕೆ ಕಳಿಸಬಹುದೇ ಎಂದು ಕೇಳಿಕೊಂಡು ತಿಂಗಳಿಗೆ ಒಬ್ಬರಾದರೂ ನಮ್ಮ ಮನೆಗೆ ಬರುತ್ತಾರೆ. ಖರ್ಚೆಷ್ಟು, ಆಮೇಲೆ ಕೆಲಸ ಸಿಗುತ್ತದೆಯೇ, ಊಟಕ್ಕೇನು ಗತಿ ಎಂದೆಲ್ಲ ವಿಚಾರಿಸುತ್ತಾರೆ. ಅವಳು ಈಗ ದಿನಕ್ಕೆ ಎಷ್ಟು ಹೊತ್ತು ನುಡಿಸುತ್ತಾಳೆ, ಎಲ್ಲಿ ಕೂತು ನುಡಿಸುತ್ತಾಳೆ ಎಂದು ನಾನು ಕೇಳಿದರೆ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ.

ಖರ್ಚಿನ ಮಾತು ಮುಗಿಸಿಬಿಡುತ್ತೇನೆ. ಜರ್ಮನಿಯ ಹೆಚ್ಚಿನ ರಾಜ್ಯಗಳ ಸರ್ಕಾರಿ ಸಂಗೀತ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡನ್-ವುರ್ಟೆಂಬರ್ಗ್‌ನಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೊ. ಭಾರ ಬೀಳುವುದು ಜೀವನ ವೆಚ್ಚದಲ್ಲಿ. 2024ರ ಸೆಪ್ಟೆಂಬರಿನಿಂದ ವೀಸಾಕ್ಕೆ ಒಂದು ವರ್ಷದ 11,904 ಯೂರೊ ಖಾತೆಯಲ್ಲಿಟ್ಟು ತೋರಿಸಬೇಕು. ಅದು ಹತ್ತು ಲಕ್ಷ ರೂಪಾಯಿಗೂ ಮೀರುತ್ತದೆ. ಜರ್ಮನ್ ಭಾಷೆಯನ್ನೂ ಕಲಿಯಬೇಕು.

ನಾನು ಓದಿದ್ದು ವೈಮಾರ್‌ನಲ್ಲಿ. ಸಂಗೀತಗಾರ ಬಾಖ್ 1708ರಿಂದ 1717ರವರೆಗೆ ಆಸ್ಥಾನದಲ್ಲಿದ್ದ ಚಿಕ್ಕ ಊರು ಅದು. ಅಲ್ಲಿನ ಸಂಗೀತ ಶಾಲೆ 1872ರಲ್ಲಿ ವಾದ್ಯವೃಂದದ ಶಾಲೆಯಾಗಿ ಶುರುವಾಯಿತು. ಮೈಸೂರಿನಲ್ಲಿ ಹನ್ನೆರಡು ವರ್ಷ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆಯನ್ನು ಬಲಗಾಲ ಗಿಣ್ಣಿಗೆ ಆನಿಸಿ ನುಡಿಸಿದವಳು ನಾನು. ಬೆಂಗಳೂರಿನಲ್ಲಿ ಪಾಶ್ಚಾತ್ಯ ಪದ್ಧತಿಯನ್ನೂ ಕಲಿತು, ಎರಡನೇ ಸಲಕ್ಕೆ ಪ್ರವೇಶ ಪರೀಕ್ಷೆ ದಾಟಿದೆ. ಮೊದಲ ತಿಂಗಳು ಶ್ರವಣದ ತರಗತಿಯಲ್ಲಿ ಪಿಯಾನೊದ ಮೇಲೆ ನಾಲ್ಕು ಸಾಲು ನುಡಿಸಿ ಬರೆಯಲು ಹೇಳಿದರು. ಮನಸ್ಸಿನಲ್ಲೇ ಷಡ್ಜ ಹಿಡಿದು ಬರೆಯತೊಡಗಿದೆ. ಮೂರನೇ ಸಾಲಿಗೆ ಆಧಾರಸ್ವರವೇ ಜಾಗ ಬದಲಿಸಿತು. ತಂಬೂರಿ ಶ್ರುತಿಯಿಲ್ಲದ ಆ ಕೋಣೆಯಲ್ಲಿ ನೆಲವೇ ಜಾರಿದಂತಾಗಿ ಪೆನ್ಸಿಲ್ ಕೆಳಗಿಟ್ಟೆ. ಷಡ್ಜವನ್ನೇ ಬೇರೆ ಸ್ವರಕ್ಕೆ ಸರಿಸುವ ಗ್ರಹಭೇದ ಕೇಳಿದ ಕಿವಿಗೆ ಇದು ತಿಳಿಯದ ವಿಷಯವಲ್ಲ ಎಂದು ಹೊಳೆಯಲು ಆರು ವಾರ ಬೇಕಾಯಿತು.

ಆ ಆರು ವಾರ ನನ್ನನ್ನು ಉಳಿಸಿದ್ದು ಪಾಠವಲ್ಲ, ಒಂದು ಬೀಗದ ಕೈ. ಗುರುತಿನ ಚೀಟಿ ಕೊಟ್ಟರೆ ಬಾಗಿಲ ಬಳಿಯ ಮೇಜಿನಲ್ಲಿ ಕೋಣೆಯ ಕೈ ಸಿಗುತ್ತಿತ್ತು. ಹತ್ತಡಿ ಅಗಲದ ಕೋಣೆ, ಒಂದರ ಹಿಂದೊಂದು ಎರಡು ದಪ್ಪ ಬಾಗಿಲು, ಒಂದು ಪಿಯಾನೊ, ಗೋಡೆಗೊಂದು ಕನ್ನಡಿ. ಪಕ್ಕದಲ್ಲಿ ಯಾರೋ ಟ್ರಂಪೆಟ್‌ನಲ್ಲಿ ಒಂದೇ ತುಣುಕನ್ನು ಮೂವತ್ತು ಸಲ ತಪ್ಪುತ್ತಿದ್ದರೆ ಗೋಡೆಯಾಚೆಯಿಂದ ಮಂದವಾಗಿ ಕೇಳುತ್ತಿತ್ತು. ಅವರ ತಪ್ಪು ಕೇಳಿ ನನಗೆ ಧೈರ್ಯ ಬರುತ್ತಿತ್ತು. ವಾರಕ್ಕೊಂದು ಪಾಠ, ಮಿಕ್ಕದ್ದೆಲ್ಲ ಈ ಕೋಣೆ.

ಇಲ್ಲಿ? ಬೆಂಗಳೂರಿನ ಪೀಜಿಯಲ್ಲಿ ಎಂಟು ಗಂಟೆಯ ಮೇಲೆ ಸದ್ದಾಗಬಾರದು ಎಂದಿದ್ದರು. ಕುದುರೆಗೆ ಮ್ಯೂಟ್ ಸಿಕ್ಕಿಸಿ, ಬಟ್ಟೆ ತುಂಬಿದ ಬೀರುವಿನ ಕಡೆ ತಿರುಗಿ ನುಡಿಸಿದ್ದೇನೆ. ನಾನು ಸೇರಿದ್ದ ಸಂಗೀತ ಕಾಲೇಜಿನಲ್ಲಿ ಸಂಜೆ ಐದಕ್ಕೆ ತರಗತಿಗಳಿಗೆ ಬೀಗ ಬೀಳುತ್ತಿತ್ತು. ಕೋಣೆಗಳು ಬೆಳಿಗ್ಗೆವರೆಗೂ ಖಾಲಿ. ಮೇಷ್ಟ್ರುಗಳಲ್ಲಿ ಕೊರತೆಯಿರಲಿಲ್ಲ. ವೈಮಾರ್‌ನಲ್ಲಿ ನನ್ನ ಎಡಗೈ ನೋಡಿ ಬೆರಗಾದವರಿದ್ದರು, ಅದು ಇಲ್ಲಿನ ಗುರುಗಳು ಕೊಟ್ಟ ಕೈ.

ಇದೇ ಮೈಸೂರಿನ ಜಯಚಾಮರಾಜ ಒಡೆಯರ್ 1940ರ ದಶಕದಲ್ಲಿ ಲಂಡನ್ನಿನಲ್ಲಿದ್ದ ರಷ್ಯನ್ ಸಂಗೀತಗಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಚರ್ಟೊವನ್ನು ಅವರಿಗೇ ಅರ್ಪಿಸಿದರು. ಅಂಥ ಊರಿನಲ್ಲಿ ನಾನು ಬೇಡುತ್ತಿರುವುದು ಅಷ್ಟು ದೊಡ್ಡದಲ್ಲ. ಸಂಗೀತ ಕಾಲೇಜುಗಳ ಕೋಣೆಗಳನ್ನು ರಾತ್ರಿ ಹತ್ತರವರೆಗೆ ಮಕ್ಕಳಿಗೆ ತೆರೆಯಿರಿ, ಒಬ್ಬ ಕಾವಲುಗಾರನನ್ನು ಹಾಕಿ, ಹೆಸರು ಬರೆಸಿಕೊಂಡು ಬೀಗದ ಕೈ ಕೊಡಿ. ವಿದೇಶಕ್ಕೆ ಹೋಗುವವರು ಹೋಗಲಿ, ನಾನೇ ಶಿಫಾರಸು ಪತ್ರ ಬರೆದುಕೊಡುತ್ತೇನೆ. ಕೋಣೆಗಾಗಿ ಮಾತ್ರ ಹೋಗುವಂತಾಗಬಾರದು.

ನನ್ನ ಒಬ್ಬ ಶಿಷ್ಯ ಬೆಳಗ್ಗೆ ಐದೂವರೆಗೆ ಸೈಕಲ್ಲಿನಲ್ಲಿ ಹೊರಟು ಪರಿಚಯದವರ ಕಲ್ಯಾಣ ಮಂಟಪಕ್ಕೆ ಹೋಗುತ್ತಾನೆ. ಪಾತ್ರೆ ಇಡುವ ಕೋಣೆಯಲ್ಲಿ ಎರಡು ಗಂಟೆ ವರ್ಣ ತಿದ್ದುತ್ತಾನೆ. ಮುಂದಿನ ವಾರದಿಂದ ಮದುವೆಗಳು ಶುರು. ಮಂಟಪ ಎರಡು ತಿಂಗಳು ಬುಕ್ ಆಗಿದೆಯಂತೆ.