ಬಡ ಉದ್ಯಮಿಗಳೂ ಸರಕಾರೀ ಗುತ್ತಿಗೆಗಳೂ

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ಇವೆರಡರ ನಡುವೆ ಹಬ್ಬಿರುವ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ಸೀಮೆಯು ಮೊದಲಿನಿಂದಲೂ ಅಭಾವದ ಸೀಮೆಯೆಂದು ಹೆಸರಾದುದು. ಮಳೆ ತಪ್ಪಿದ ವರ್ಷಗಳಲ್ಲಿ ಇಲ್ಲಿಯ ಬಡವರಿಗೆ ಹೊಲದ ಬದಲಾಗಿ ಆಧಾರವಾದುದು ಸರಕಾರದ ಕಾಮಗಾರಿಯೇ. ವಿಜಾಪುರದಲ್ಲಿ 1933ರಲ್ಲಿ ಒಣ ಬೇಸಾಯದ ಸಂಶೋಧನ ಕೇಂದ್ರವು ಸ್ಥಾಪಿತವಾಯಿತು. 1942ರಲ್ಲಿ ಮುಂಬಯಿ ಇಲಾಖೆಯ ಭೂಸುಧಾರಣಾ ಯೋಜನೆಗಳ ಕಾಯಿದೆಯು ಬಂದಿತು. ಅದರ ಬೆನ್ನಿಗೇ ಬಂದ ಬರಗಾಲದಲ್ಲಿ ಹೊಲಗಳಿಗೆ ಒಡ್ಡು ಹಾಕುವ ಕೆಲಸವು ಜಿಲ್ಲೆಯ ತುಂಬ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಆ ಒಡ್ಡುಗಳನ್ನು ಕಟ್ಟಿದ ಕೈಗಳಿಗೆ ಅಂದು ದಿನಗೂಲಿಯು ದೊರೆಯಿತು. ಆ ಹೊತ್ತಿಗೆ ಅದೇ ಜೀವದಾನವಾಗಿತ್ತು. ಆದರೆ ಇಂದಿಗೂ ಆ ಕೈಗಳು ಕೂಲಿಯಲ್ಲಿಯೇ ನಿಂತಿರುವದು ಯೋಗ್ಯವೇ ಎಂಬುದು ವಿಚಾರಿಸತಕ್ಕ ಮಾತು.

ಈಗ ಕೃಷಿಹೊಂಡ, ತಡೆ ಒಡ್ಡು, ಹೊಲಗಾಲುವೆ, ಆಲಮಟ್ಟಿಯ ನೀರಿನ ಕಾಲುವೆಗಳ ದುರಸ್ತಿ, ಶಾಲೆ-ಅಂಗನವಾಡಿಗಳ ಧಾನ್ಯ, ಕಚೇರಿಗಳ ಸಾಮಾನು-ಸಾಗಾಟ, ಹೀಗೆ ಸರಕಾರವು ಹಳ್ಳಿಗಳಲ್ಲಿ ವೆಚ್ಚ ಮಾಡುವ ಹಣದ ಬಹುಭಾಗವು ಗುತ್ತಿಗೆಯ ಮೂಲಕವೇ ಹೋಗುವದು. ಒಂದು ಟ್ರ್ಯಾಕ್ಟರು ಇಟ್ಟುಕೊಂಡವನು, ಹತ್ತು ಜನರ ತಂಡ ಕಟ್ಟಿ ಮಣ್ಣು-ಕಲ್ಲಿನ ಕೆಲಸ ಮಾಡುವವನು, ಚಿಕ್ಕ ಬೇಳೆ ಗಿರಣಿಯ ಒಡೆಯನು, ರೊಟ್ಟಿ-ಚಟ್ನಿ ಮಾಡಿ ಮಾರುವ ಹೆಣ್ಣುಮಕ್ಕಳ ಸಂಘ, ಇವರೆಲ್ಲರೂ ಕೆಲಸ ಬಲ್ಲವರು. ಆದರೂ ಗುತ್ತಿಗೆಯ ಪತ್ರದಲ್ಲಿ ಇವರ ಹೆಸರು ಅಪರೂಪ. ಮಣ್ಣು ಅಗೆಯುವವನು ಒಬ್ಬನು, ಬಿಲ್ಲಿನ ಹಣ ಎಣಿಸುವವನು ಮತ್ತೊಬ್ಬನು.

ಕಾಯಿದೆಯಲ್ಲಿ ದಾರಿಯಿಲ್ಲವೆಂದು ಹೇಳುವಂತಿಲ್ಲ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಅಧಿನಿಯಮಕ್ಕೆ ಆದ ತಿದ್ದುಪಡಿಗಳಿಂದ, ಸರಕಾರೀ ಕಾಮಗಾರಿಗಳ ಸಂಖ್ಯೆಯಲ್ಲಿ ಶೇಕಡಾ 17.15ರಷ್ಟು ಪರಿಶಿಷ್ಟ ಜಾತಿಯವರಿಗೂ ಶೇಕಡಾ 6.95ರಷ್ಟು ಪರಿಶಿಷ್ಟ ಪಂಗಡದವರಿಗೂ ಮೀಸಲಾಗುವಂತಾಯಿತು. ಮೊದಲು 50 ಲಕ್ಷ ರೂಪಾಯಿಗಳವರೆಗಿನ ಕಾಮಗಾರಿಗಳಿಗಿದ್ದ ಈ ಸವಲತ್ತನ್ನು 2023ರಲ್ಲಿ ಒಂದು ಕೋಟಿಗೆ ಏರಿಸಲಾಯಿತು. ತಲೆಮಾರುಗಳಿಂದ ಮಣ್ಣು-ಕಲ್ಲಿನ ಕೆಲಸದಲ್ಲಿ ನುರಿತ ಭೋವಿ ಸಮಾಜದವರೂ, ದುಡಿಮೆಗಾಗಿ ದೂರದ ಊರುಗಳಿಗೆ ಗುಳೆ ಹೋಗುವ ಲಂಬಾಣಿ ತಾಂಡೆಗಳವರೂ ಈ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿಯೇ ಇರುವರು.

ಕೇಂದ್ರ ಸರಕಾರದ 2012ರ ಸಂಗ್ರಹಣಾ ನೀತಿಯ ಆಜ್ಞೆಯೂ ಗಮನಿಸತಕ್ಕದ್ದು. ಕೇಂದ್ರದ ಖಾತೆಗಳೂ ಉದ್ಯಮಗಳೂ ಕೊಳ್ಳುವ ಸಾಮಾನು-ಸೇವೆಗಳಲ್ಲಿ ಕಾಲುಭಾಗವನ್ನು ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಕೊಳ್ಳಬೇಕು. ಅದರೊಳಗೇ ಶೇಕಡಾ 4 ಪರಿಶಿಷ್ಟರ, ಶೇಕಡಾ 3 ಸ್ತ್ರೀಯರ ಉದ್ಯಮಗಳಿಗೆ ಸಲ್ಲಬೇಕು. ಇಂಥ ಉದ್ಯಮಗಳಿಗೆ ಟೆಂಡರಿನ ಪತ್ರಗಳು ಬಿಟ್ಟಿಯಾಗಿ ದೊರೆಯುವವು. ಮುಂಗಡ ಠೇವಣಿಯ ಮಾಫಿಯೂ ಉಂಟು. ಬಾಗೇವಾಡಿಯ ಸೀಮೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರವನ್ನು ನಡೆಸುತ್ತಿರುವ ಎನ್.ಟಿ.ಪಿ.ಸಿ.ಯು ಕೇಂದ್ರದ ಉದ್ಯಮವೇ ಆಗಿರುವದರಿಂದ ಈ ಆಜ್ಞೆಯು ನೆರೆಹೊರೆಯ ಹಳ್ಳಿಗಳವರಿಗೆ ಕೇವಲ ದಿಲ್ಲಿಯ ಮಾತಲ್ಲ. ಆದರೆ ಕಟ್ಟಡ ಮೊದಲಾದ ಕಾಮಗಾರಿಯ ಗುತ್ತಿಗೆಗಳಿಗೆ ಈ ಆಜ್ಞೆಯು ಅನ್ವಯಿಸದೆಂಬುದನ್ನು ಮರೆಯಬಾರದು. ಇನ್ನು ಅಂಗನವಾಡಿಯ ಆಹಾರವನ್ನು ಗುತ್ತಿಗೆದಾರರಿಂದ ಪಡೆಯದೆ, ಆದಷ್ಟು ಮಟ್ಟಿಗೆ ಗ್ರಾಮಸಮುದಾಯ, ಸ್ವಸಹಾಯ ಸಂಘ, ಮಹಿಳಾ ಮಂಡಳಗಳ ಮೂಲಕ ಒದಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿಯೇ ಆಜ್ಞೆ ಮಾಡಿರುವದು.

ದಾರಿಯಿದ್ದೂ ಬಡವನು ನಡೆಯಲಾರದಿರುವದೇಕೆ? ಕಾರಣಗಳು ಸ್ಪಷ್ಟವಾಗಿರುವವು. ಟೆಂಡರು ಕರೆದ ಮೇಲೆ ದೊರೆಯುವ ಅವಧಿಯು ಕೆಲವೇ ದಿನಗಳದು. ಅಷ್ಟರಲ್ಲಿ ನೋಂದಣಿ, ತೆರಿಗೆಯ ಸಂಖ್ಯೆ, ಜಾತಿಯ ದಾಖಲೆ, ಡಿಜಿಟಲ್ ಸಹಿ, ಬ್ಯಾಂಕಿನ ಪತ್ರ ಇವೆಲ್ಲ ಕೂಡಿಬರುವದಿಲ್ಲ. ಹಿಂದೆ ಇಂಥದೇ ಕೆಲಸ ಮಾಡಿದ ಅನುಭವದ ದಾಖಲೆ ಬೇಕೆನ್ನುವರು. ಇಪ್ಪತ್ತು ವರ್ಷ ಒಬ್ಬರ ಕೈಕೆಳಗೆ ದುಡಿದವನ ಅನುಭವವು ಧಣಿಯ ಹೆಸರಿನಲ್ಲಿ ಬರೆಯಲ್ಪಟ್ಟಿರುವದು. ಕೆಲಸ ಮುಗಿದರೂ ಬಿಲ್ಲು ತಡವಾಗುವದು. ತಿಂಗಳುಗಟ್ಟಲೆ ಕಾಯುವ ಶಕ್ತಿಯು ಸಾಲ ಮಾಡಿ ಡೀಜೆಲ್ ಹಾಕಿದವನಿಗಿಲ್ಲ.

ಈ ತೊಡಕುಗಳ ನಡುವೆಯೇ ಹೆಸರು ಕಡ ಕೊಡುವ ಕೆಟ್ಟ ರೂಢಿಯು ಹುಟ್ಟುವದು. ಮೀಸಲು ಗುತ್ತಿಗೆಗೆ ಬಡವನ ಹೆಸರು, ಹಣ ಮತ್ತು ಲಾಭ ಬೇರೊಬ್ಬನದು. ಹೆಸರು ಕೊಟ್ಟವನಿಗೆ ದೊರೆಯುವದು ಅಲ್ಪ ಬಾಬತ್ತು. ಆದರೆ ಒಡ್ಡು ಒಡೆದರೆ ಕಪ್ಪುಪಟ್ಟಿಗೆ ಹೋಗುವದು ಅವನದೇ ಹೆಸರು. ತೆರಿಗೆಯ ನೋಟೀಸು ಬರುವದು ಅವನದೇ ಮನೆಗೆ. ಮೀಸಲಾತಿಯ ಉದ್ದೇಶವು ಇಲ್ಲಿ ಬುಡಮೇಲಾಗುವದು. ಹೀಗೆ ಹೆಸರನ್ನು ಕೊಡುವದು ಎತ್ತನ್ನು ಒತ್ತೆಯಿಡುವದಕ್ಕಿಂತಲೂ ಅಪಾಯಕರವೆಂಬುದನ್ನು ಪ್ರತಿಯೊಂದು ಹಳ್ಳಿಯಲ್ಲಿಯೂ ತಿಳಿಯಹೇಳಬೇಕು.

ಆದುದರಿಂದ ಬೇಕಾದುದು ಮತ್ತೊಂದು ಘೋಷಣೆಯಲ್ಲ, ಪೂರ್ವಸಿದ್ಧತೆ. ಹದ ನೋಡಿ ಬಿತ್ತುವವನು ಮಳೆ ಬಿದ್ದ ದಿನ ಬೀಜ ಹುಡುಕಲು ಹೊರಡುವದಿಲ್ಲ. ಒಂದನೆಯದಾಗಿ, ಹೋಬಳಿಗೊಂದರಂತಿರುವ ರೈತ ಸಂಪರ್ಕ ಕೇಂದ್ರಗಳಲ್ಲಿ ಕಾಮಗಾರಿಗಳ ಕಾಲಕ್ಕೆ ಮುಂಚಿತವಾಗಿಯೇ ನೋಂದಣಿಯ ದಿನಗಳನ್ನು ಗೊತ್ತುಪಡಿಸಬೇಕು. 2020ರ ಜುಲೈ 1ರಿಂದ ನಡೆದಿರುವ ಉದ್ಯಮ್ ನೋಂದಣಿಗೆ ಯಾವ ಶುಲ್ಕವೂ ಇಲ್ಲ. ಇದಕ್ಕಾಗಿ ಮಧ್ಯಸ್ಥರಿಗೆ ಹಣ ತೆರುವದು ವ್ಯರ್ಥ. ಈ ನೋಂದಣಿಯನ್ನು ಮೊದಲೇ ಮಾಡಿಸಿದ ಸಣ್ಣ ಉದ್ಯಮಿಯು ಪೂರೈಸಿದ ಸಾಮಾನು-ಸೇವೆಗಳ ಹಣವನ್ನು 45 ದಿನಗಳೊಳಗೆ ಕೊಡಬೇಕೆಂದು 2006ರ ಕಾಯಿದೆಯು ವಿಧಿಸಿರುವದು. ತಪ್ಪಿದರೆ ಬಡ್ಡಿಯನ್ನು ಕೇಳುವ ಹಕ್ಕುಂಟು.

ಎರಡನೆಯದಾಗಿ, ಅಳತೆಯ ವಿದ್ಯೆಯನ್ನು ಕಲಿಸಬೇಕು. ಮೇಲ್ಭಾಗದಲ್ಲಿ 12 ಮೀಟರು ಚೌಕವಾಗಿ, 3 ಮೀಟರು ಆಳವಾಗಿ, ಒಂದಕ್ಕೊಂದರ ಇಳಿಜಾರು ಬಿಟ್ಟು ತೋಡಿದ ಹೊಂಡವನ್ನು ತೆಗೆದುಕೊಳ್ಳುವಾ. ಅದರ ತಳವು 6 ಮೀಟರು ಚೌಕವಾಗುವದು. ಇಳಿಜಾರನ್ನು ಮರೆತು ಎಣಿಸಿದವನು 432 ಘನಮೀಟರು ಮಣ್ಣೆಂದು ತಿಳಿಯುವನು. ನಿಜವಾಗಿ ತೆಗೆದ ಮಣ್ಣು 252 ಘನಮೀಟರು ಮಾತ್ರ. ಈ ತಪ್ಪು ಲೆಕ್ಕದ ಮೇಲೆ ಒಟ್ಟು ಬೆಲೆಯನ್ನು ಹೇಳಿದವನಿಗೆ ಟೆಂಡರು ದೊರೆಯದು. ಅದೇ ಲೆಕ್ಕದ ಆಸೆಯಿಂದ ಸಾಲ ಮಾಡಿದವನಿಗೆ ಬಿಲ್ಲಿನ ದಿನ ಕಣ್ಣೀರು ತಪ್ಪದು. ದರಪಟ್ಟಿಯನ್ನು ಓದುವದು, ಅಳತೆ ಪುಸ್ತಕದಲ್ಲಿ ಬರೆದುದನ್ನು ಪರೀಕ್ಷಿಸುವದು, ಖರ್ಚಿಗಿಂತ ಕಡಿಮೆ ದರವನ್ನು ಹೇಳದಿರುವದು, ಇಷ್ಟನ್ನು ಎರಡು ದಿನಗಳಲ್ಲಿ ಕಲಿಸಬಹುದು.

ಮೂರನೆಯದಾಗಿ, ಚಿಕ್ಕ ಕೆಲಸವನ್ನು ಚೆನ್ನಾಗಿ ಮಾಡಿ ಮುಗಿಸಿದವನಿಗೆ ಅದರ ಪೂರ್ಣತೆಯ ದಾಖಲೆಯನ್ನು ಕೂಡಲೇ ಕೊಡಬೇಕು. ಕಚೇರಿಗೆ ಇದು ಒಂದು ಹಾಳೆ. ಅವನಿಗೆ ಮುಂದಿನ ಕೆಲಸದ ಬೀಜ.

ನಾಲ್ಕನೆಯದಾಗಿ, ಒಬ್ಬೊಬ್ಬರಿಂದ ಆಗದುದನ್ನು ಕೂಡಿ ಮಾಡಬೇಕು. ಸಹಕಾರವು ಈ ನಾಡಿಗೆ ಹೊಸದಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರಿ ಸಂಘವು ಹುಟ್ಟಿತು. ಕೇರಳದ ಉರಾಳುಂಗಲ್ಲಿನಲ್ಲಿ 1925ರಲ್ಲಿ ಕೆಲಸ ಕಳೆದುಕೊಂಡ ಕೂಲಿಕಾರರು ಕಟ್ಟಿಕೊಂಡ ಗುತ್ತಿಗೆಯ ಸಹಕಾರಿ ಸಂಘವು ಇಂದು ಆ ರಾಜ್ಯದ ದೊಡ್ಡ ದೊಡ್ಡ ರಸ್ತೆ-ಸೇತುವೆಗಳನ್ನು ಕಟ್ಟುವಷ್ಟು ಬೆಳೆದಿರುವದು. ಅಲ್ಲಿಯವರ ಕೈಗಳಿಗಿಂತ ಸಿಂದಗಿ-ಮುದ್ದೇಬಿಹಾಳದವರ ಕೈಗಳು ಕಡಿಮೆಯವಲ್ಲ. ಇಂಡಿಯ ನಿಂಬೆಗೆ ಭೌಗೋಳಿಕ ಸೂಚಕದ ಮನ್ನಣೆಯು ದೊರೆತಿರುವಾಗ, ಆ ಕಾಯಿಯ ಉಪ್ಪಿನಕಾಯಿಯನ್ನು ವಸತಿಗೃಹಗಳಿಗೆ ಪೂರೈಸುವ ಸಂಘವೊಂದು ಅಲ್ಲಿಯೇ ಏಕೆ ಏಳಬಾರದು?

ಬಡವರಿಗೆ ಗುತ್ತಿಗೆ ಕೊಟ್ಟರೆ ಕೆಲಸವು ಕೆಡುವದೆಂದು ಕೆಲವರು ಆಕ್ಷೇಪಿಸುವರು. ಕೆಲಸದ ಮಟ್ಟವನ್ನು ಇಳಿಸಬೇಕೆಂದು ಯಾರೂ ಕೇಳುವದಿಲ್ಲ. ಸಿಮೆಂಟಿನ ಪ್ರಮಾಣವೂ ಒಡ್ಡಿನ ಎತ್ತರವೂ ಎಲ್ಲರಿಗೂ ಒಂದೇ ಇರತಕ್ಕದ್ದು. ಆ ಮಟ್ಟಕ್ಕೆ ಏರುವ ಮೆಟ್ಟಿಲುಗಳನ್ನು ಕಟ್ಟಿಕೊಡಿರೆಂಬುದೇ ಬೇಡಿಕೆ. ಟೆಂಡರನ್ನು ತಪ್ಪಿಸುವದಕ್ಕಾಗಿ ಕೆಲಸವನ್ನು ತುಂಡುಮಾಡುವದು ನಿಷಿದ್ಧ, ಅದು ಯುಕ್ತವೂ ಹೌದು. ಆದರೆ ಯೋಜನೆ ಹಾಕುವಾಗಲೇ, ಬೇರೆ ಬೇರೆ ಹಳ್ಳಿಗಳ ಹೊಂಡಗಳನ್ನೆಲ್ಲ ಒಂದೇ ದೊಡ್ಡ ಗಂಟಾಗಿ ಕಟ್ಟುವ ಅವಶ್ಯಕತೆಯುಂಟೇ ಎಂದು ಅಧಿಕಾರಿಗಳು ವಿಚಾರಿಸುವದು ನಿಷಿದ್ಧವಲ್ಲ. ಅಲ್ಲದೆ ತನ್ನ ಊರ ಒಡ್ಡನ್ನು ತಾನೇ ಕಟ್ಟಿದವನು ಮರುವರ್ಷದ ಮಳೆಯಲ್ಲಿ ಅದರ ಮುಂದೆಯೇ ಹಾದುಹೋಗಬೇಕಾಗುವದು. ಇದಕ್ಕಿಂತ ಬಲವಾದ ಜಾಮೀನು ಮತ್ತೊಂದಿಲ್ಲ.

ಕಾಯಕಕ್ಕೆ ಗೌರವವನ್ನು ತಂದ ಬಸವಣ್ಣನವರು ಜನಿಸಿದ ಸೀಮೆಯಿದು. ಇಲ್ಲಿ ಕಾಯಕ ಮಾಡುವವನ ಹೆಸರೇ ಕಾಗದದ ಮೇಲೂ ಇರಬೇಕೆಂಬುದು ಹೆಚ್ಚಿನ ಅಪೇಕ್ಷೆಯಲ್ಲ. ಅಧಿಕಾರಿಗಳು ಮಾಹಿತಿಯನ್ನು ಹಳ್ಳಿಗೆ ಒಯ್ಯಲಿ, ಬ್ಯಾಂಕುಗಳು ಕೆಲಸದ ಆಜ್ಞಾಪತ್ರದ ಆಧಾರದ ಮೇಲೆ ಸಾಲ ಕೊಡಲಿ, ದುಡಿಯುವವರು ತಮ್ಮ ಹೆಸರನ್ನು ಮಾರದೆ ಕಾಗದ-ಪತ್ರಗಳನ್ನು ಸಕಾಲಕ್ಕೆ ಸಿದ್ಧಮಾಡಿಕೊಳ್ಳಲಿ. ಹೀಗಾದಲ್ಲಿ ಸರಕಾರದ ಹಣವು ಹಳ್ಳಿಯಲ್ಲಿ ಒಡ್ಡನ್ನು ಕಟ್ಟುವದರ ಸಂಗಡ ಕಟ್ಟಿದವನ ಮನೆಯನ್ನೂ ನಿಲ್ಲಿಸುವದು.