ಕ್ಯಾತೆ ಬೇರೆ, ನ್ಯಾಯ ಬೇರೆ

 

ಇಂಗ್ಲಿಷಿನಲ್ಲಿ ‘ಬಿಕರಿಂಗ್’ ಅನ್ನೋ ಪದ ಇದೆ. ಅದರ ಅರ್ಥ ಜಗಳ. ಆದರೆ ಎಲ್ಲಾ ಜಗಳವೂ ಬಿಕರಿಂಗ್ ಅಲ್ಲ. ಚಿಕ್ಕ ವಿಷಯಕ್ಕೆ ಮಾತಿಗೆ ಮಾತು ಬೆಳೆಸಿ, ಮುಗಿಯದ ಹಾಗೆ ಕಿತ್ತಾಡೋದಕ್ಕೆ ಮಾತ್ರ ಆ ಪದ. ಟೆನ್ನಿಸನ್ ಎಂಬ ಇಂಗ್ಲಿಷ್ ಕವಿ ‘ದಿ ಬ್ರೂಕ್’ ಪದ್ಯದಲ್ಲಿ ತೊರೆ ಸದ್ದು ಮಾಡುತ್ತಾ ಹರಿಯೋದಕ್ಕೂ ಇದೇ ಪದ ಬಳಸಿದ್ದಾನೆ. ತೊರೆಯ ಸದ್ದು ನಿಲ್ಲೋದಿಲ್ಲ, ಈ ಜಗಳವೂ ಹಾಗೇ.

ನಮ್ಮ ಮಂಡ್ಯದ ಕಡೆ ಇದಕ್ಕೆ ಒಳ್ಳೇ ಮಾತಿದೆ: ಕ್ಯಾತೆ. ‘ಸುಮ್ನೆ ಕ್ಯಾತೆ ತೆಗೀಬ್ಯಾಡ ಕಣ್ಲಾ’ ಅಂತ ಅಜ್ಜಿಯಂದಿರು ಬೈಯೋದು ಇದನ್ನೇ. ಬೆಂಚಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ‘ಇದು ನನ್ ಜಾಗ’ ಅನ್ನೋದು, ರಬ್ಬರ್ ಕೊಡಲಿಲ್ಲ ಅಂತ ಠೂ ಬಿಡೋದು, ಕಬಡ್ಡಿಯಲ್ಲಿ ‘ಔಟು’, ‘ಔಟಲ್ಲ’ ಅಂತ ಬೆಲ್ ಹೊಡೆಯೋವರೆಗೂ ಕೂಗಾಡೋದು, ಎಲ್ಲಾ ಕ್ಯಾತೆಯೇ. ಇದರಲ್ಲಿ ಗೆದ್ದವರೂ ಇಲ್ಲ, ಆಟವೂ ಇಲ್ಲ.

ದೊಡ್ಡವರು ಬೇಜಾರು ಮಾಡ್ಕೋಬಾರದು, ಒಂದು ಮಾತು ಹೇಳ್ತೀನಿ. ಕೆಲವು ಸಲ ನ್ಯಾಯ ಕೇಳಿದರೂ ಕ್ಯಾತೆ ಅಂತಾರೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ ಇರೋದು ಮದ್ದೂರು, ಮಳವಳ್ಳಿ ಕಡೆ. ಮೇಲಿನವರು ಸರದಿ ಮೀರಿ ತೂಬು ತೆರೆದರೆ ಕೆಳಗಿನವರ ಪೈರು ಒಣಗುತ್ತೆ. ಆಗ ಅವರು ನೀರುಗಂಟಿಯನ್ನು ಕೇಳೋದು ಕ್ಯಾತೆಯೇ? ಆ ನಾಲೆಗೆ ನೀರು ಕೊಡೋ ಕಾವೇರಿಯ ವಿವಾದವೂ ಅಷ್ಟೇ. ಮೈಸೂರು, ಮದ್ರಾಸಿನ ನಡುವೆ 1892ರಲ್ಲಿ, 1924ರಲ್ಲಿ ಒಪ್ಪಂದ ಆಯ್ತು. 1990ರಲ್ಲಿ ನ್ಯಾಯಮಂಡಳಿ ರಚನೆಯಾಯ್ತು, 2007ರಲ್ಲಿ ಅದರ ಅಂತಿಮ ತೀರ್ಪು ಬಂತು. 2018ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಪಾಲು 284.75 ಟಿಎಂಸಿ ಅಂತ ಹೇಳಿತು. ಎರಡೂ ಕಡೆಯ ರೈತರ ಅನ್ನದ ಪ್ರಶ್ನೆ ಅದು. ಅದನ್ನು ಬರೀ ಕಿತ್ತಾಟ ಅನ್ನೋಕಾಗಲ್ಲ.

ಶಾಲೆಯಲ್ಲೂ ಹೀಗೇ. ಬಿಸಿಯೂಟದ ಸಾಲಿಗೆ ದೊಡ್ಡ ಹುಡುಗ ನುಗ್ಗಿದ, ಚಿಕ್ಕವನು ದೂರು ಹೇಳಿದ ಅಂತ ಇಟ್ಟುಕೊಳ್ಳಿ. ‘ನಿಮ್ಮದು ಯಾವಾಗ್ಲೂ ಇದ್ದದ್ದೇ’ ಅಂತ ಇಬ್ಬರ ಕಿವಿಯನ್ನೂ ಹಿಂಡಿದರೆ ಲಾಭ ಯಾರಿಗೆ? ನುಗ್ಗಿದವನಿಗೆ. ಚಿಕ್ಕವನು ಇನ್ನು ಮುಂದೆ ದೂರು ಹೇಳೋದೇ ಇಲ್ಲ.

ಆದ್ದರಿಂದ ಜಗಳ ಶುರುವಾದಾಗ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಬಿಟ್ಟುಕೊಟ್ಟರೆ ಯಾರಿಗಾದರೂ ಅನ್ಯಾಯ ಆಗುತ್ತಾ? ಆಗೋದಿಲ್ಲ ಅಂದ್ರೆ ಅದು ಕ್ಯಾತೆ, ನಕ್ಕು ಬಿಟ್ಟುಬಿಡೋಣ. ಆಗುತ್ತೆ ಅಂದ್ರೆ ಕೂಗಾಡದೆ ಕೇಳೋಣ, ಆದರೆ ಕೇಳದೆ ಇರೋದು ಬೇಡ. ಗುರುಗಳು ಇಬ್ಬರ ಮಾತನ್ನೂ ಪೂರ್ತಿ ಕೇಳಿ ಆಮೇಲೆ ತೀರ್ಮಾನ ಹೇಳಬೇಕು ಅಂತ ನನ್ನ ವಿನಂತಿ.

ಇಂತಿ ನಿಮ್ಮವಳು,
ಏಳನೇ ತರಗತಿ ವಿದ್ಯಾರ್ಥಿನಿ